ಒಂದೇ ಕಾಫಿ ಹಣಕ್ಕೆ ಐದು ಬಗೆಯ ಸಲಹೆ: ಹಣಕಾಸಿನವರ ನೋಟ ಏಕೆ ಬೇರೆ ಬೇರೆ?

ತೋಟದ ಮಗಳು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು 20 ಎಕರೆ ತೋಟ. 12 ಎಕರೆ ರೊಬಸ್ಟಾ, ಉಳಿದದ್ದು ಅರೇಬಿಕಾ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಪ್ಪನಿಗೆ ಲಕ್ವ ಹೊಡೆದ ಮೇಲೆ, ಮೂರು ವರ್ಷಗಳಿಂದ ತೋಟದ ಲೆಕ್ಕಪತ್ರವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2020ರ ಸುಮಾರಿಗೆ 50 ಕಿಲೋ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಮೂರೂವರೆ ಸಾವಿರ ಸಿಕ್ಕರೆ ಸಾಕು ಎನ್ನುತ್ತಿದ್ದ ಮನೆಯಲ್ಲಿ, 2024ರ ನಂತರ ಅದೇ ಮೂಟೆ ಹತ್ತು ಸಾವಿರ ದಾಟಿದ್ದನ್ನು ಕಂಡು ಅಪ್ಪ ದರವನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಈ ಸಲ ನಮ್ಮ 240 ಮೂಟೆ ಚೆರಿ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಮತ್ತು ಮೆಣಸು ಮಾರಿದ ಮೇಲೆ ಖಾತೆಯಲ್ಲಿ 41 ಲಕ್ಷ ರೂಪಾಯಿ ಇದೆ. ಬೆಳೆ ಸಾಲ 3 ಲಕ್ಷ, ತೋಟದ ಅಭಿವೃದ್ಧಿಗೆಂದು ತೆಗೆದ ಸಾಲದಲ್ಲಿ 6 ಲಕ್ಷ 40 ಸಾವಿರ ಬಾಕಿ ಇವೆ.

ಒಂದು ತಿಂಗಳಲ್ಲಿ ಐವರನ್ನು ಕಂಡು ಮಾತಾಡಿದೆ. ಬ್ಯಾಂಕಿನ ವ್ಯವಸ್ಥಾಪಕರು ಸಾಲದ ಖಾತೆಗಳನ್ನು ಸರಿಮಾಡಿ ಉಳಿದದ್ದನ್ನು ಠೇವಣಿ ಇಡಲು ಹೇಳಿದರು. ವಿಮೆ ಪ್ರತಿನಿಧಿಯವರು ವರ್ಷಕ್ಕೆ 3 ಲಕ್ಷ ಕಂತಿನ ಪಾಲಿಸಿಯ ಹಾಳೆಯನ್ನು ಮುಂದಿಟ್ಟರು. ಲೆಕ್ಕಪರಿಶೋಧಕರು ಹಣದ ಮಾತನ್ನೇ ಎತ್ತದೆ ಬಿಲ್ಲುಗಳು ಎಲ್ಲಿವೆ ಎಂದರು. ಮ್ಯೂಚುವಲ್ ಫಂಡ್ ವಿತರಕರು ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು ಕೇಳಿದರು. ತಮ್ಮ ಗೊತ್ತುಮಾಡಿದ ಹೂಡಿಕೆ ಸಲಹೆಗಾರರು ಶುಲ್ಕ ಪಡೆದುಕೊಂಡು ನಾಲ್ಕು ಪುಟಗಳ ಪ್ರಶ್ನಾವಳಿ ಕಳುಹಿಸಿದರೇ ಹೊರತು ಒಂದು ಉತ್ತರವನ್ನೂ ಹೇಳಲಿಲ್ಲ.

ಇವರಲ್ಲಿ ಯಾರೂ ಮೋಸಗಾರರಂತೆ ನನಗೆ ಕಾಣಲಿಲ್ಲ. ಹಾಗಿದ್ದರೂ ಒಂದೇ ಹಣ ಇಷ್ಟು ಜನರಿಗೆ ಇಷ್ಟು ಬೇರೆಯಾಗಿ ಕಂಡದ್ದು ಹೇಗೆ? ಈ ವೃತ್ತಿಗಳಲ್ಲಿ ಇರುವವರು, ಇದ್ದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ತೆಂಗಿನ ಮಡಿಲು, ಅರಸೀಕೆರೆ

ತಂಗಿ, ಇದರಲ್ಲಿ ಬಿಡಿಸುವುದಕ್ಕೆ ಏನಿದೆ? ಬಳೆ ಅಂಗಡಿಗೆ ಹೋದರೆ ಬಳೆ ತೋರಿಸುತ್ತಾರೆ, ಪಾತ್ರೆ ಅಂಗಡಿಗೆ ಹೋದರೆ ಪಾತ್ರೆ ತೋರಿಸುತ್ತಾರೆ. ಬ್ಯಾಂಕಿನವರಿಗೆ ಠೇವಣಿಯ ಗುರಿ, ವಿಮೆಯವರಿಗೆ ಮೊದಲ ಕಂತಿನ ಕಮಿಷನ್, ಫಂಡಿನವರಿಗೆ ವರ್ಷ ವರ್ಷದ ಕಮಿಷನ್. ಅವರವರ ಸರಕನ್ನು ಅವರವರು ಮಾರುತ್ತಿದ್ದಾರೆ, ಅಷ್ಟೇ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ಅರಸೀಕೆರೆಯ ಮಿತ್ರರು ಹೇಳಿದ್ದರಲ್ಲಿ ನಿಜವಿದೆ. ಶಾಖೆಗೆ ಠೇವಣಿಯ ಗುರಿ ಇರುತ್ತದೆ, ಈಚಿನ ವರ್ಷಗಳಲ್ಲಿ ಅದೇ ಮೇಜಿನಿಂದ ವಿಮೆಯನ್ನೂ ಮಾರಿಸುತ್ತಾರೆ, ಆ ಒತ್ತಡವನ್ನು ನಾನೂ ಅನುಭವಿಸಿದ್ದೇನೆ. ಆದರೆ ಗುರಿಯೇ ಇಲ್ಲದ ಕಾಲದಲ್ಲಿಯೂ ಬ್ಯಾಂಕಿನವನು ಮೊದಲು ಸಾಲದ ಮಾತನ್ನೇ ಆಡುತ್ತಿದ್ದ ಎಂಬುದಕ್ಕೆ ಕಾರಣ ಬೇರೆ ಇದೆ. ನನ್ನ 34 ವರ್ಷಗಳ ನೌಕರಿಯಲ್ಲಿ, ನೀನು ಕೊಟ್ಟ ಸಾಲದಿಂದ ಎಷ್ಟು ಕುಟುಂಬ ಮೇಲೆ ಬಂತು ಎಂದು ಯಾವ ಮೇಲಧಿಕಾರಿಯೂ ಕೇಳಲಿಲ್ಲ. ಯಾವ ಸಾಲ ಕೆಟ್ಟಿತು, ಅದಕ್ಕೆ ಸಹಿ ಹಾಕಿದವರು ಯಾರು ಎಂದು ಮಾತ್ರ ಕೇಳಿದರು. ಹೀಗೆ ಪಳಗಿದ ಕಣ್ಣಿಗೆ ಹಣವೆಂದರೆ ಗಡುವಿನೊಳಗೆ ಹಿಂದಿರುಗಬೇಕಾದ ವಸ್ತು.

ಆದರೆ ಎಲ್ಲ ಸಾಲವೂ ಒಂದೇ ತೂಕದ್ದಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಬಂದದ್ದು. ಅದರಡಿ 3 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಶೇ 7 ಬಡ್ಡಿ, ಗಡುವಿನೊಳಗೆ ಕಟ್ಟಿದವರಿಗೆ ಶೇ 3 ರಿಯಾಯಿತಿ ಸಿಕ್ಕಿ ಕೊನೆಗೆ ನಿಲ್ಲುವುದು ಶೇ 4. ರಾಜ್ಯದ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿಯನ್ನು 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಇಂಥ ಸಾಲವನ್ನು ತಾರೀಖು ತಪ್ಪದೆ ಕಟ್ಟಿ ನವೀಕರಿಸಿಕೊಳ್ಳುವುದು ಜಾಣತನ, ಅದನ್ನು ಶಾಶ್ವತವಾಗಿ ತೀರಿಸಿ ಬೀಗುವುದರಲ್ಲಿ ಲಾಭವಿಲ್ಲ. ಬ್ಯಾಂಕಿನ ಪೂರ್ಣ ದರದಲ್ಲಿರುವ ಅಭಿವೃದ್ಧಿ ಸಾಲವನ್ನು ಮೊದಲು ಮುಗಿಸಿರಿ. ಬ್ಯಾಂಕಿನ ನಿಯಮವೇ ನಿಮ್ಮ ವೃತ್ತಿಯ ಕಾಲಮಾನವನ್ನು ಒಪ್ಪಿಕೊಂಡಿದೆ ಎಂಬುದನ್ನೂ ಗಮನಿಸಿರಿ: ಬೇರೆ ಸಾಲದ ಕಂತು 90 ದಿನ ಮೀರಿದರೆ ಅದು ಅನುತ್ಪಾದಕ (ಕೆಟ್ಟ ಸಾಲದ) ಪಟ್ಟಿಗೆ ಹೋಗುತ್ತದೆ, ಬೆಳೆ ಸಾಲಕ್ಕೆ ಮಾತ್ರ ದಿನದ ಬದಲು ಬೆಳೆಯ ಹಂಗಾಮಿನ ಲೆಕ್ಕ.

ಠೇವಣಿಯ ಬಗ್ಗೆ ಒಂದು ಮಾತು. 2020ರ ಫೆಬ್ರುವರಿಯಿಂದ ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ 5 ಲಕ್ಷ. ಅದಕ್ಕೆ ಮೊದಲು 1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ, ಆದರೆ ಶೇಕಡಾ ಒಂದೂವರೆ ಎರಡು ಹೆಚ್ಚು ಬಡ್ಡಿಯ ಆಸೆ ತೋರಿಸುವ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ನಮ್ಮ ಕಡೆ ಜನ ಎರಡನ್ನೂ ಬ್ಯಾಂಕ್ ಎಂದೇ ಕರೆಯುತ್ತಾರೆ, ಆ ಒಂದು ಪದದ ಸಡಿಲದಲ್ಲಿ ನಿವೃತ್ತಿ ಹಣ ಕಳೆದುಕೊಂಡ ಮೇಷ್ಟರೊಬ್ಬರನ್ನು ನಾನು ಬಲ್ಲೆ.

ತೋಟದ ಮಗಳು, ಮೂಡಿಗೆರೆ

ಸರ್, ಖಾತೆ ಅಪ್ಪನ ಹೆಸರಿನಲ್ಲಿದೆ, ನನ್ನನ್ನು ನಾಮಿನಿ ಮಾಡಿದ್ದಾರೆ. ಅಷ್ಟು ಸಾಕೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ಸಾಲದು ತಾಯಿ. ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದು ಎಂಬುದನ್ನಷ್ಟೇ ನಾಮನಿರ್ದೇಶನ ಹೇಳುತ್ತದೆ. ಪಡೆದವರು ಅದನ್ನು ವಾರಸುದಾರರ ಪರವಾಗಿ ಹಿಡಿದಿರುತ್ತಾರೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು, ಆದರೂ ತತ್ವ ಅದೇ. ನಿಮ್ಮ ತಂದೆಯವರು ಮಾತಾಡುವ ಸ್ಥಿತಿಯಲ್ಲಿ ಇರುವಾಗಲೇ ಉಯಿಲು ಬರೆಸಿರಿ, ಖಾತೆಯನ್ನು ಜಂಟಿ ಮಾಡಿಸಿರಿ. ತಮ್ಮನ ಎದುರಿನಲ್ಲಿಯೇ ಮಾಡಿಸಿರಿ.

ವಿಮೆ ಪ್ರತಿನಿಧಿ, ಬೇಲೂರು

ನಾನು 22 ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ವರ್ಷದ ಕಂತಿನಲ್ಲಿ ಪ್ರತಿನಿಧಿಯ ಪಾಲು ದೊಡ್ಡದು, ಮುಂದಿನ ವರ್ಷಗಳಲ್ಲಿ ಸಣ್ಣದು. ಇದನ್ನು ಬಚ್ಚಿಟ್ಟು ಮಾತಾಡಿದರೆ ಯಾರೂ ನನ್ನನ್ನು ನಂಬಬೇಕಾಗಿಲ್ಲ. ಆದರೆ ನನ್ನ ಕಣ್ಣು ಯಾವುದನ್ನು ಕಂಡು ಹೀಗಾಗಿದೆ ಎಂಬುದನ್ನೂ ಕೇಳಿರಿ. ಬ್ಯಾಂಕಿನವರು ಕೆಟ್ಟ ಸಾಲ ನೋಡುತ್ತಾರೆ, ನಾನು ಹದಿಮೂರನೆಯ ದಿನದ ಮನೆ ನೋಡುತ್ತೇನೆ. ಬಂಧುಗಳು ಊಟ ಮುಗಿಸಿ ಹೊರಟ ಮೇಲೆ, ಒಳಕೋಣೆಯಿಂದ ಹೆಣ್ಣುಮಗಳೊಬ್ಬರು ಬಂದು ಬೀರುವಿನಲ್ಲಿ ಸಿಕ್ಕ ಕಾಗದಗಳ ಕಟ್ಟನ್ನು ನನ್ನ ಮುಂದಿಟ್ಟು, ಇದರಲ್ಲಿ ಏನಾದರೂ ಬರುತ್ತದೆಯೇ ನೋಡಿ ಅಣ್ಣ ಎನ್ನುತ್ತಾರೆ. ಹತ್ತರಲ್ಲಿ ಏಳೆಂಟು ಕಟ್ಟಿನಲ್ಲಿ ಕಂತು ನಿಂತುಹೋದ ಪಾಲಿಸಿಗಳೇ ಇರುತ್ತವೆ. ಅದನ್ನು ಕಂಡವನಿಗೆ ಹಣವೆಂದರೆ, ಮನೆಯವರು ಮುಟ್ಟಲಾಗದಂತೆ ಕಟ್ಟಿಹಾಕಬೇಕಾದ ವಸ್ತುವಾಗಿ ಕಾಣುತ್ತದೆ. ಅದಕ್ಕೇ ನಾವು ಉಳಿತಾಯವನ್ನೂ ರಕ್ಷಣೆಯನ್ನೂ ಬೆರೆಸಿದ ಪಾಲಿಸಿಯ ಕಡೆಗೆ ವಾಲುತ್ತೇವೆ.

ಹಾಗೆಂದು, ಮೂಡಿಗೆರೆಯ ಅಕ್ಕನಿಗೆ ವರ್ಷಕ್ಕೆ 3 ಲಕ್ಷದ ಕಂತು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆ ಕಂತನ್ನು ಈಗಿನ ದರ ನೋಡಿ ಕೂಡಿಸಿದ್ದಾರೆ. ಮೂಟೆಗೆ ಮೂರೂವರೆ ಸಾವಿರ ಬಂದ ವರ್ಷ ಮೊದಲು ನಿಲ್ಲುವುದು ಅದೇ ಕಂತು, ನಿಂತ ಪಾಲಿಸಿ ನಷ್ಟದ ಪಾಲಿಸಿ. ನಿಮ್ಮ ಮೇಲೆ ಅವಲಂಬಿತರಿದ್ದರೆ, ಅವಧಿ ವಿಮೆಯೊಂದನ್ನು (ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಪಾಲಿಸಿ) ಸಾಕಷ್ಟು ದೊಡ್ಡ ಮೊತ್ತಕ್ಕೆ ತೆಗೆದುಕೊಳ್ಳಿರಿ. ವ್ಯಕ್ತಿಗತ ಜೀವವಿಮೆ ಮತ್ತು ಆರೋಗ್ಯವಿಮೆಯ ಕಂತುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ. ಸಹಿ ಹಾಕಿಬಿಟ್ಟಿದ್ದರೂ ಗಾಬರಿ ಬೇಡ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು.

ಸಾಲವಿರುವ ಬೆಳೆಗಾರರಿಗೆ ನಮ್ಮವರೇ ಹೇಳಲು ಮರೆಯುವ ಒಂದು ವಿಷಯವಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ತನ್ನ ಜೀವದ ಮೇಲೆ ಪಾಲಿಸಿ ಮಾಡಿಸಿದರೆ, ಆ ಹಣ ಹೆಂಡತಿ ಮಕ್ಕಳಿಗೆ ಸೇರಿದ ನಿಧಿಯಾಗಿ ನಿಲ್ಲುತ್ತದೆ, ಅವನಿಗೆ ಸಾಲ ಕೊಟ್ಟವರು ಅದಕ್ಕೆ ಕೈಹಾಕುವಂತಿಲ್ಲ. ಅರ್ಜಿ ತುಂಬುವಾಗಲೇ ಅದನ್ನು ಬರೆಯಬೇಕು. ಆಮೇಲೆ ಸೇರಿಸಲು ಬರುವುದಿಲ್ಲ.

ತೆಂಗಿನ ಮಡಿಲು, ಅರಸೀಕೆರೆ

ಇಷ್ಟು ಬಿಚ್ಚಿ ಹೇಳುವ ಪ್ರತಿನಿಧಿ ನಮ್ಮ ಊರಿಗೂ ಒಬ್ಬರು ಬೇಕಾಗಿತ್ತು. ನನ್ನ ಮೊದಲ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಲೆಕ್ಕಪರಿಶೋಧಕಿ, ಚಿಕ್ಕಮಗಳೂರು

ಬಿಲ್ಲು ಕೇಳಿದ ಸಹೋದ್ಯೋಗಿಯ ಪರವಾಗಿ ಬರೆಯುತ್ತೇನೆ. ನಮ್ಮ ವೃತ್ತಿಯಲ್ಲಿ ಹಣಕ್ಕೆ ಭವಿಷ್ಯಕ್ಕಿಂತ ಮೊದಲು ಭೂತಕಾಲವಿರುತ್ತದೆ. ಎಲ್ಲಿಂದ ಬಂತು, ಯಾವ ಹೆಸರಿನಲ್ಲಿ ಬಂತು, ಯಾವ ಕಾಗದ ಅದನ್ನು ಸಾಬೀತು ಮಾಡುತ್ತದೆ ಎಂಬುದು ತಿಳಿಯದೆ ಅದನ್ನು ಎಲ್ಲಿ ಇಡಬೇಕೆಂದು ಹೇಳುವುದು ನಮಗೆ ಬುನಾದಿ ನೋಡದೆ ಮಹಡಿ ಕಟ್ಟಿದಂತೆ ತೋರುತ್ತದೆ. ಕಾಫಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ಎಲ್ಲರೂ ಬಲ್ಲರು, ಆ ಮಾತು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕೆಲವರೇ ಬಲ್ಲರು.

ಬೆಳೆದ ಕಾಫಿಯನ್ನು ಒಣಗಿಸಿ ಚೆರಿಯಾಗಿಯೋ ಪಾರ್ಚ್‌ಮೆಂಟ್ ಆಗಿಯೋ ವ್ಯಾಪಾರಿಗೆ ಮಾರಿದರೆ ಬಂದದ್ದು ಕೃಷಿ ಆದಾಯ. ಅದನ್ನೇ ಕ್ಯೂರಿಂಗ್ ಮಾಡಿಸಿ, ಎಂದರೆ ಹೊರಪೊರೆ ತೆಗೆಸಿ ಬೀಜ ವಿಂಗಡಿಸಿ ಮಾರಿದರೆ, ಆದಾಯ ತೆರಿಗೆಯ 7ಬಿ ನಿಯಮದ ಪ್ರಕಾರ ಲಾಭದ ಶೇ 25ರಷ್ಟು ವ್ಯವಹಾರದ ಆದಾಯವೆನಿಸಿ ತೆರಿಗೆಗೆ ಒಳಪಡುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಅದು ಶೇ 40. 1961ರ ಕಾಯ್ದೆಯಡಿ ಮಾಡಿದ ನಿಯಮದ ಲೆಕ್ಕ ಇದು. ಹೊಸ ಕಾಯ್ದೆ ಬಂದಿರುವುದರಿಂದ ಕಲಮುಗಳ ಸಂಖ್ಯೆಯನ್ನು ನಿಮ್ಮ ಲೆಕ್ಕಪರಿಶೋಧಕರ ಬಳಿ ನೋಡಿಕೊಳ್ಳಿರಿ. ಸ್ವಂತ ಕಾಫಿಪುಡಿಯ ಬ್ರ್ಯಾಂಡ್ ಮಾಡಬೇಕೆಂದು ಹೊರಡುವ ಯುವ ಬೆಳೆಗಾರರು ಡಬ್ಬಿಯ ಬಣ್ಣ ಆರಿಸುವಷ್ಟರಲ್ಲಿ ಈ ಶೇ 40ನ್ನು ಮರೆತಿರುತ್ತಾರೆ.

ಎರಡನೆಯದು, ಕಾಫಿ ಮಾರಿದ ಹಣ ಕೃಷಿ ಆದಾಯವಾದರೂ ಅದನ್ನು ಠೇವಣಿ ಇಟ್ಟು ಬಂದ ಬಡ್ಡಿ ಕೃಷಿ ಆದಾಯವಲ್ಲ. ಆ ಬಡ್ಡಿ ಮತ್ತಿತರ ಆದಾಯ ವಿನಾಯಿತಿ ಮಿತಿಯನ್ನು ದಾಟಿ, ಕೃಷಿ ಆದಾಯವೂ 5,000 ರೂಪಾಯಿ ಮೀರಿದ್ದರೆ, ದರ ನಿಗದಿಗಾಗಿ ಮಾತ್ರ ಎರಡನ್ನೂ ಕೂಡಿಸುತ್ತಾರೆ. ಕೃಷಿಯ ಪಾಲಿಗೆ ತೆರಿಗೆ ಬೀಳುವುದಿಲ್ಲ, ಆದರೆ ಬಡ್ಡಿಗೆ ಮೇಲಿನ ಹಂತದ ದರ ತಗಲುತ್ತದೆ.

ನಮ್ಮ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಜುಲೈ ಮತ್ತು ಸೆಪ್ಟೆಂಬರ್ ತಿಂಗಳ ಗಡುವುಗಳ ನಡುವೆ ಬದುಕುವ ನಮಗೆ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್. ಫೆಬ್ರುವರಿಯಲ್ಲಿ ಮಾರಿದರೆ ಒಂದು ವರ್ಷಕ್ಕೆ, ಏಪ್ರಿಲ್‌ನಲ್ಲಿ ಮಾರಿದರೆ ಇನ್ನೊಂದು ವರ್ಷಕ್ಕೆ ಎಂದು ಹೇಳಿ ದರ ಬೀಳುತ್ತಿರುವಾಗ ಕಾಫಿಯನ್ನು ಗೋದಾಮಿನಲ್ಲಿ ಉಳಿಸಿದ ಒಬ್ಬ ಕಕ್ಷಿದಾರರಿಗೆ ತೆರಿಗೆಯಲ್ಲಿ ಉಳಿದದ್ದಕ್ಕಿಂತ ಹೆಚ್ಚು ಹಣ ದರದಲ್ಲಿ ಹೋಯಿತು. ಆ ಸಲಹೆ ಕೊಟ್ಟವಳು ನಾನೇ.

ಫಂಡ್ ವಿತರಕ, ಹಾಸನ

ತಿಂಗಳಿಗೆ ಎಷ್ಟು ಎಂದು ಕೇಳಿದವರು ನನ್ನಂಥವರೇ ಆಗಿರಬೇಕು. ನಮ್ಮ ತರಬೇತಿ, ಅರ್ಜಿ ನಮೂನೆ, ಎಲ್ಲವೂ ತಿಂಗಳ ಸಂಬಳದವರನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದವು. ಹಾಸನದ ಕೈಗಾರಿಕಾ ಪ್ರದೇಶದ ನೌಕರನಿಗೆ ಅದು ಹೊಂದುತ್ತದೆ. ವರ್ಷಕ್ಕೊಮ್ಮೆ ಹಣ ಕಾಣುವ ಬೆಳೆಗಾರನ ಖಾತೆಯಿಂದ ತಿಂಗಳು ತಿಂಗಳು ಕಂತು ಕಡಿತಕ್ಕೆ ಹಾಕಿದರೆ, ಕೊಯ್ಲಿನ ಕೂಲಿ ಏರುವ ಡಿಸೆಂಬರ್‌ನಲ್ಲಿ ಹಣ ಸಾಲದೆ ಕಂತು ಮರಳುತ್ತದೆ, ಬ್ಯಾಂಕು ಅದಕ್ಕೆ ದಂಡ ಹಾಕುತ್ತದೆ. ಇದನ್ನು ನಾನು ಸಕಲೇಶಪುರದ ಗ್ರಾಹಕರಿಂದ ಬೈಗುಳ ತಿಂದು ಕಲಿತೆ. ಈಗ ಹಂಗಾಮಿನ ಹಣವನ್ನು ಒಟ್ಟಿಗೆ ಲಿಕ್ವಿಡ್ ಫಂಡಿನಲ್ಲಿ (ಬೇಕೆಂದಾಗ ಹಿಂಪಡೆಯಬಹುದಾದ ಅಲ್ಪಾವಧಿ ಸಾಲಪತ್ರಗಳ ಫಂಡು) ಇರಿಸಿ, ಅಲ್ಲಿಂದ ತಿಂಗಳಿಗಿಷ್ಟು ಷೇರುಗಳಲ್ಲಿ ತೊಡಗಿಸುವ ಈಕ್ವಿಟಿ ಫಂಡಿಗೆ ಹರಿಯುವಂತೆ ಮಾಡುತ್ತೇನೆ.

ನನ್ನ ಸಂಪಾದನೆ ಎಲ್ಲಿಂದ ಎಂಬುದಕ್ಕೂ ಉತ್ತರ ಕೊಡಬೇಕು. 2009ರ ಆಗಸ್ಟ್‌ನಲ್ಲಿ ಹೂಡಿಕೆ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಫಂಡಿನ ಪ್ರವೇಶ ಶುಲ್ಕವನ್ನು ತೆಗೆದುಹಾಕಿತು. ನಿಮ್ಮ ಹಣ ಫಂಡಿನಲ್ಲಿ ಇರುವಷ್ಟು ಕಾಲ ಅದರ ವೆಚ್ಚದೊಳಗಿನಿಂದಲೇ ನನಗೆ ಕಮಿಷನ್ ಬರುತ್ತದೆ. 2013ರ ಜನವರಿಯಿಂದ ವಿತರಕರಿಲ್ಲದ ನೇರ ಯೋಜನೆಗಳೂ ಇವೆ, ಅವುಗಳ ವೆಚ್ಚ ಕಡಿಮೆ. ಸ್ವಂತವಾಗಿ ನಿಭಾಯಿಸಬಲ್ಲವರು ಅದನ್ನೇ ಆರಿಸಿಕೊಳ್ಳಲಿ. ಮಾರುಕಟ್ಟೆ ಕುಸಿದ ವಾರ ಫೋನ್ ಮಾಡಿ, ಎಲ್ಲವನ್ನೂ ಮಾರಿಬಿಡಿ ಎನ್ನುವವರನ್ನು ತಡೆಯುವುದೇ ನನ್ನ ನಿಜವಾದ ಕೆಲಸ. ನಮ್ಮ ಭಯ ಅದೊಂದೇ: ಗ್ರಾಹಕ ಅರ್ಧ ದಾರಿಯಲ್ಲಿ ಇಳಿದುಬಿಡುವುದು.

ಟರ್ಮಿನಲ್ ಹುಡುಗ, ಹಾಸನ

ಯಾರೂ ಲಂಡನ್ ಮಾರುಕಟ್ಟೆಯ ಹೆಸರೆತ್ತುತ್ತಿಲ್ಲ. ರೊಬಸ್ಟಾ ದರ ಲಂಡನ್‌ನಲ್ಲಿ ಟನ್ನಿಗೆ ಡಾಲರ್ ಲೆಕ್ಕದಲ್ಲಿ, ಅರೇಬಿಕಾ ದರ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಸೆಂಟ್ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ, ನಮ್ಮ ವ್ಯಾಪಾರಿಗಳು ಅದನ್ನು ನೋಡಿಯೇ ದರ ಹೇಳುತ್ತಾರೆ. ದಿನವೂ ದರ ನೋಡುವ ಬೆಳೆಗಾರರು ಷೇರು ಮಾರುಕಟ್ಟೆಯ ಆಪ್ಷನ್‌ನಲ್ಲಿಯೂ (ದರದ ಏರಿಳಿತದ ಮೇಲೆ ಮಾಡುವ ಒಪ್ಪಂದ) ಒಂದಿಷ್ಟು ಹಣ ತೊಡಗಿಸಿದರೆ ವರ್ಷವಿಡೀ ಆದಾಯ ಬರುವಂತೆ ಮಾಡಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ತಮ್ಮಾ, 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನವನ್ನು ಓದು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡರು, ವೆಚ್ಚ ಸೇರಿ ತಲಾ ಸರಾಸರಿ ಸುಮಾರು 2 ಲಕ್ಷ. ಲಂಡನ್ ದರ ನೋಡುವುದು ಬೆಳೆಗಾರನಿಗೆ ಅಗತ್ಯ, ಕಾಫಿಗೂ ಸಂಬಂಧವಿಲ್ಲದ ಸೂಚ್ಯಂಕದ ಮೇಲೆ ಪಣ ಕಟ್ಟುವುದು ಬೇರೆಯೇ ಕಸುಬು.

ಹೂಡಿಕೆ ಸಲಹೆಗಾರ, ಚಿಕ್ಕಮಗಳೂರು ಮೂಲ

ನಾಲ್ಕು ಪುಟಗಳ ಪ್ರಶ್ನಾವಳಿಯ ಬಗ್ಗೆ ಓದಿ ನಗು ಬಂತು, ನಾನೂ ಅಂಥದ್ದೇ ಕಳುಹಿಸುತ್ತೇನೆ. 2013ರ ಸೆಬಿ ನಿಯಮಾವಳಿಯಡಿ ನೋಂದಾಯಿತರಾದ ನಾವು ಸಲಹೆಗೆ ಶುಲ್ಕ ಪಡೆಯುತ್ತೇವೆ. ಸಲಹೆ ಪಡೆದ ಕುಟುಂಬಕ್ಕೇ ಉತ್ಪನ್ನ ಮಾರಿ ಕಮಿಷನ್ ಪಡೆಯುವಂತಿಲ್ಲ. ಆದ್ದರಿಂದ ನಾವು ಶುದ್ಧರು ಎಂದು ಬೀಗುವವರೂ ನಮ್ಮಲ್ಲಿದ್ದಾರೆ. ನಮಗೂ ವಕ್ರದೃಷ್ಟಿ ಇದೆ. ಕಾಗದದ ಮೇಲೆ ಚೆಂದ ಕಾಣುವ ಯೋಜನೆಯನ್ನು ಪ್ರೀತಿಸುತ್ತೇವೆ, ಮನೆಯವರು ಅದನ್ನು ಎಂದಾದರೂ ತೆರೆದು ನೋಡುತ್ತಾರೆಯೇ ಎಂಬುದನ್ನು ವಿಚಾರಿಸುವುದಿಲ್ಲ.

ಇಲ್ಲಿಯವರೆಗಿನ ಉತ್ತರಗಳನ್ನು ಓದಿದಾಗ ನನಗೆ ಒಂದು ಕಂಡಿತು. ಅರಸೀಕೆರೆಯವರು ಹೇಳಿದಂತೆ ಕಮಿಷನ್ ಒಂದು ಕಾರಣ, ಆದರೆ ಕಾಲಮಾನ ಅದಕ್ಕಿಂತ ದೊಡ್ಡ ಕಾರಣ. ಬ್ಯಾಂಕಿಗೆ ಗಡುವು, ವಿಮೆಗೆ ಆಯುಷ್ಯ, ಲೆಕ್ಕಪರಿಶೋಧನೆಗೆ ಮಾರ್ಚ್ 31, ಫಂಡಿಗೆ ತಿಂಗಳು, ಷೇರು ದರ ತೋರಿಸುವ ಟರ್ಮಿನಲ್ ಮುಂದೆ ಕೂತವನಿಗೆ ನಿಮಿಷ. ತೋಟದ ವರ್ಷ ಇವುಗಳಲ್ಲಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ತೋಟದಲ್ಲಿ ಮೊದಲು ಖರ್ಚು, ಆಮೇಲೆ ಮಾರಾಟ. ಮಳೆಗೆ ಮುಂಚೆ ಗೊಬ್ಬರ, ಮರಗಸಿ, ಕಳೆ, ಮಳೆ ಕಳೆದ ಮೇಲೆ ಮತ್ತೆ ಗೊಬ್ಬರ, ನವೆಂಬರ್‌ನಿಂದ ಕೊಯ್ಲಿನ ಕೂಲಿ, ಹೂಮಳೆ ತಡವಾದರೆ ಫೆಬ್ರುವರಿ ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್‌ನ ಡೀಸೆಲ್. ಇವೆಲ್ಲಕ್ಕೂ ಹಿಂದಿನ ಬೆಳೆಯ ಹಣವೇ ಆಧಾರ. ಆದ್ದರಿಂದ ಖಾತೆಯಲ್ಲಿರುವ 41 ಲಕ್ಷವನ್ನು ಉಳಿತಾಯವೆಂದು ಕರೆದದ್ದೇ ಮೊದಲ ತಪ್ಪು. ಐವರಲ್ಲಿ ನಾಲ್ವರು ಆ ಹೆಸರನ್ನು ಪ್ರಶ್ನಿಸದೆ ಒಪ್ಪಿಕೊಂಡರು.

ನಾನು ಮೊದಲು ಕೇಳುವುದು, ಹಳೆಯ ದರ ಮರಳಿ ಬಂದರೆ ಏನಾಗುತ್ತದೆ ಎಂದು. ನಿಮ್ಮದೇ 240 ಮೂಟೆಯನ್ನು ತೆಗೆದುಕೊಳ್ಳಿರಿ. ಮೂಟೆಗೆ 10,000ದಂತೆ 24 ಲಕ್ಷ, 3,500ರಂತೆ 8 ಲಕ್ಷ 40 ಸಾವಿರ. ವ್ಯತ್ಯಾಸ 15 ಲಕ್ಷ 60 ಸಾವಿರ. ನಿಮ್ಮ ತೋಟದ ಒಂದು ವರ್ಷದ ಒಟ್ಟು ಖರ್ಚು ಎಷ್ಟು ಎಂಬುದನ್ನು ಇಲ್ಲಿ ಬರೆದರೆ ಮುಂದಿನ ಲೆಕ್ಕ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ತೋಟದ ಮಗಳು, ಮೂಡಿಗೆರೆ

ತೋಟದ ಲೆಕ್ಕ ಬರೆಯುವ ರೈಟರ್ ಅವರನ್ನು ಕೂರಿಸಿಕೊಂಡು ಎರಡು ಸಂಜೆ ಲೆಕ್ಕ ಹಾಕಿದೆ. ಹೋದ ವರ್ಷ ಮನೆಖರ್ಚನ್ನು ಬಿಟ್ಟು ತೋಟಕ್ಕೆ ಹೋದದ್ದು 16 ಲಕ್ಷ ಚಿಲ್ಲರೆ. ಅಂದರೆ ದರ ಬಿದ್ದರೆ ಕೈಬಿಡುವ ಮೊತ್ತವೂ ಒಂದು ವರ್ಷದ ಖರ್ಚೂ ಹೆಚ್ಚುಕಡಿಮೆ ಒಂದೇ. ಇದನ್ನು ನೋಡಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಇದೇ ಕಾರಣಕ್ಕೆ 2001ರಲ್ಲಿ ನಿಮ್ಮಮ್ಮನ ಸರ ಹೋಯಿತು ಎಂದರು. ನಾನು ಆಗ ಶಾಲೆಯಲ್ಲಿದ್ದೆ, ಆ ಸರ ಎಲ್ಲಿಗೆ ಹೋಯಿತೆಂದು ಈವರೆಗೆ ಯಾರೂ ಹೇಳಿರಲಿಲ್ಲ.

ಹಳೆಯ ರೈಟರ್, ಆಲ್ದೂರು

ರೈಟರ್ ಎಂಬ ಪದ ಕಂಡು ಬರೆಯುತ್ತಿದ್ದೇನೆ. ನಾನು 38 ವರ್ಷ ಎರಡು ಎಸ್ಟೇಟುಗಳಲ್ಲಿ ರೈಟರ್ ಆಗಿದ್ದವನು, ಹಣಕಾಸಿನ ವೃತ್ತಿಪರ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಆದರೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಬರೆದವನಿಗೆ ಹಣದ ಬಗ್ಗೆ ಒಂದು ತಿಳಿವಳಿಕೆ ಬಂದಿರುತ್ತದೆ. ನಮ್ಮ ಲೆಕ್ಕ ವಾರದ ಕೂಲಿ ಬಟವಾಡೆಯದು. ಸಾವ್ಕಾರರ ಹತ್ತಿರ ಎಷ್ಟು ಎಕರೆ ಇದೆ, ಎಷ್ಟು ಠೇವಣಿ ಇದೆ ಎಂಬುದು ಲೈನ್ ಮನೆಗಳಲ್ಲಿ ವಾಸಿಸುವ ಕೂಲಿಯವರಿಗೆ ಸಂಬಂಧವಿಲ್ಲ. ಬಟವಾಡೆಯ ದಿನ ಸಂಜೆ ಹಣ ಬರಲಿಲ್ಲವೆಂದರೆ ಮುಂದಿನ ಸೋಮವಾರ ಆಳು ಪಕ್ಕದ ತೋಟದಲ್ಲಿ ಇರುತ್ತಾರೆ, ಹಣ್ಣಾದ ಅರೇಬಿಕಾ ನೆಲಕ್ಕೆ ಉದುರುತ್ತದೆ. ಮೂರು ವರ್ಷದ ಠೇವಣಿಯನ್ನು ಮುರಿಸಲು ಮಾಲೀಕರು ಮಂಗಳವಾರ ಬ್ಯಾಂಕಿಗೆ ಹೋದದ್ದನ್ನು ನಾನು ಕಂಡಿದ್ದೇನೆ, ಆ ವಾರ ನಾವು ಕಳೆದುಕೊಂಡದ್ದು ದಂಡದ ಬಡ್ಡಿಗಿಂತ ಹೆಚ್ಚು.

ಇನ್ನೊಂದು ವಿಷಯವನ್ನು ಯಾರೂ ಬರೆದಿಲ್ಲ. ದರ ಏರಲಿ ಎಂದು ಕಾಫಿಯನ್ನು ದರ ನಿಗದಿ ಮಾಡದೆ ವ್ಯಾಪಾರಿಯ ಗೋದಾಮಿನಲ್ಲಿ ಬಿಡುವ ಪದ್ಧತಿ ನಮ್ಮಲ್ಲಿ ಇದೆ. ಮೂಟೆ ಅವನ ಕೈಯಲ್ಲಿ, ನಮ್ಮ ಕೈಯಲ್ಲಿ ಒಂದು ಚೀಟಿ. ಅದು ಕಾಫಿ ಎಂದು ನಾವು ತಿಳಿದಿರುತ್ತೇವೆ, ನಿಜಕ್ಕೂ ಅದು ಬಡ್ಡಿಯಿಲ್ಲದೆ ನಾವು ಕೊಟ್ಟ ಸಾಲ. ನಾನು ಕೆಲಸಕ್ಕಿದ್ದ ತೋಟವೊಂದರ 60 ಮೂಟೆ ಹಾಗೆಯೇ ಹೋಯಿತು, ವ್ಯಾಪಾರಿ ಒಂದು ಬೆಳಗ್ಗೆ ಬಾಗಿಲು ತೆರೆಯಲಿಲ್ಲ.

ಹೂಡಿಕೆ ಸಲಹೆಗಾರ, ಚಿಕ್ಕಮಗಳೂರು ಮೂಲ

ರೈಟರ್ ಅವರೇ, ನನ್ನ ನಾಲ್ಕು ಪುಟಗಳಲ್ಲಿ ಬಟವಾಡೆಯ ಪ್ರಶ್ನೆ ಇಲ್ಲ, ದರ ನಿಗದಿಯಾಗದ ಮೂಟೆಯ ಪ್ರಶ್ನೆಯೂ ಇಲ್ಲ. ಎರಡನ್ನೂ ಸೇರಿಸುತ್ತೇನೆ.

ತೆಂಗಿನ ಮಡಿಲು, ಅರಸೀಕೆರೆ

ನಮ್ಮ ಕಡೆ ತೆಂಗಿನಕಾಯಿ ವರ್ಷದಲ್ಲಿ ಹಲವು ಸಲ ಇಳಿಯುತ್ತದೆ, ಮನೆಯಲ್ಲಿ ಹಸುವಿದ್ದರೆ ಡೇರಿಯ ಹಣವೂ ಆಗಾಗ ಬರುತ್ತದೆ. ಹಾಗಾಗಿ ನಮಗೆ ಚೀಟಿ ಒಗ್ಗುತ್ತದೆ, ತಿಂಗಳಿಗಿಷ್ಟು ಎಂದು ಕಟ್ಟುತ್ತೇವೆ. ಕಾಫಿಯವರು ಚೀಟಿಗೆ ಸೇರಿ ಆರನೆಯ ತಿಂಗಳಿಗೇ ಒದ್ದಾಡುವುದನ್ನು ಕಂಡು ಇವರಿಗೆ ಶಿಸ್ತಿಲ್ಲ ಎಂದುಕೊಂಡಿದ್ದೆ. ಈಗ ಕಾರಣ ತಿಳಿಯಿತು. ಒಂದು ಎಚ್ಚರಿಕೆ ಮಾತ್ರ: 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ. ಹೋಟೆಲಿನಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ನಡೆಸುವ ಚೀಟಿಗೆ ಆ ಮಿತಿಯನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ತೋಟದ ಮಗಳು, ಮೂಡಿಗೆರೆ

ಎಲ್ಲರ ಮಾತುಗಳನ್ನು ಓದಿ, ಭಾನುವಾರ ತಮ್ಮನನ್ನು ಊರಿಗೆ ಕರೆಸಿಕೊಂಡು ಅಪ್ಪನ ಮಂಚದ ಪಕ್ಕದಲ್ಲಿಯೇ ಕುಳಿತು ಒಂದು ಹಾಳೆ ಬರೆದೆವು. ಮುಂದಿನ ಬೆಳೆಯ ಖರ್ಚಿಗೆ 16 ಲಕ್ಷ: ಇದರಲ್ಲಿ ಎರಡು ತಿಂಗಳ ಬಟವಾಡೆಯಷ್ಟು ಉಳಿತಾಯ ಖಾತೆಯಲ್ಲಿ, ಉಳಿದದ್ದು ಗೊಬ್ಬರ ಮತ್ತು ಕೊಯ್ಲಿನ ತಿಂಗಳುಗಳಿಗೆ ಸರಿಯಾಗಿ ಮುಗಿಯುವ ಸಣ್ಣ ಸಣ್ಣ ಠೇವಣಿಗಳಲ್ಲಿ. ಅಭಿವೃದ್ಧಿ ಸಾಲದ 6 ಲಕ್ಷ 40 ಸಾವಿರವನ್ನು ಪೂರ್ತಿ ತೀರಿಸುತ್ತೇವೆ, ಬೆಳೆ ಸಾಲವನ್ನು ತಾರೀಖಿಗೆ ಕಟ್ಟಿ ನವೀಕರಿಸುತ್ತೇವೆ. ದರ ಬಿದ್ದ ವರ್ಷಕ್ಕೆಂದು 8 ಲಕ್ಷ ಪ್ರತ್ಯೇಕವಾಗಿ, ಬೇರೆ ಬ್ಯಾಂಕಿನಲ್ಲಿ. ಇಷ್ಟೂ ಕಳೆದ ಮೇಲೆ ನಿಲ್ಲುವುದು 10 ಲಕ್ಷ 60 ಸಾವಿರ. ಒಂದು ತಿಂಗಳ ಹಿಂದೆ ನಾನು 41 ಲಕ್ಷ ಹಿಡಿದುಕೊಂಡು ಐವರ ಬಾಗಿಲಿಗೆ ಹೋಗಿದ್ದೆ.

ತಮ್ಮ ಹತ್ತೂ ಲಕ್ಷವನ್ನು ಈಕ್ವಿಟಿಗೆ ಹಾಕೋಣ ಎಂದ, ಅವನಿಗೆ ಒಂದನೆಯ ತಾರೀಖು ಸಂಬಳ ಬರುತ್ತದೆ. ಅಪ್ಪ ಅದರಲ್ಲಿ ನಾಲ್ಕು ಲಕ್ಷಕ್ಕೆ ಕಣದ ಪಕ್ಕದ ಹಳೆಯ ರೊಬಸ್ಟಾ ಗಿಡ ಕಿತ್ತು ಮರುನಾಟಿ ಮಾಡಬೇಕು ಎಂದರು. ಅಪ್ಪನ ಮಾತು ಸಲಹೆಗಾರರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ, ಆದರೆ ಅದೂ ದೀರ್ಘಕಾಲದ ಹೂಡಿಕೆಯೇ ಅಲ್ಲವೇ. ಕೊನೆಗೆ ಮರುನಾಟಿಗೆ ನಾಲ್ಕು, ಉಳಿದದ್ದು ಹಾಸನದ ಫಂಡ್ ವಿತರಕರು ಹೇಳಿದಂತೆ ಲಿಕ್ವಿಡ್ ಫಂಡಿನಿಂದ ನಿಧಾನವಾಗಿ ಈಕ್ವಿಟಿಗೆ. ವರ್ಷಕ್ಕೆ 3 ಲಕ್ಷದ ಪಾಲಿಸಿಯನ್ನು ಬೇಡವೆಂದು ಹೇಳಿದೆ. ಅವಧಿ ವಿಮೆಗೆ ಮಾತ್ರ ಅರ್ಜಿ ತುಂಬಿದ್ದೇನೆ, ಕಂತಿನ ತಿಂಗಳನ್ನು ಮಾರ್ಚ್ ಎಂದು ಬರೆಸಿದ್ದೇನೆ. ಉಯಿಲಿನ ಮಾತು ಮಾತ್ರ ಇನ್ನೂ ಮುಗಿದಿಲ್ಲ. ತಮ್ಮ ಏನೂ ಹೇಳಲಿಲ್ಲ, ಅಪ್ಪ ಹಬ್ಬ ಕಳೆಯಲಿ ಎಂದರು.

ಒಂದು ಸಂದೇಹ ಉಳಿದಿದೆ. ಈ ಸಲದ ಅರೇಬಿಕಾದಲ್ಲಿ 30 ಮೂಟೆಯನ್ನು ಕ್ಯೂರಿಂಗ್ ಮಾಡಿಸಿ ಮಾರಿದ್ದೇವೆ. ಅದರ ಲೆಕ್ಕವನ್ನು ಹೇಗೆ ಬೇರೆ ಮಾಡಬೇಕು?

ಲೆಕ್ಕಪರಿಶೋಧಕಿ, ಚಿಕ್ಕಮಗಳೂರು

ಆ 30 ಮೂಟೆಗೆ ಮಾತ್ರ ಶೇ 25ರ ಲೆಕ್ಕ ಬರುತ್ತದೆ, ಪೂರ್ತಿ ಬೆಳೆಗೆ ಅಲ್ಲ. ಕ್ಯೂರಿಂಗ್ ವರ್ಕ್ಸ್‌ನ ಬಿಲ್ಲು, ಔಟ್‌ಟರ್ನ್ (ಮೂಟೆಯಿಂದ ಸಿಕ್ಕ ಶುದ್ಧ ಬೀಜದ ತೂಕ) ಬರೆದ ಹಾಳೆ, ಖರೀದಿದಾರರ ರಸೀದಿ, ಈ ಮೂರನ್ನು ಒಂದೇ ಕಡತದಲ್ಲಿ ಹಾಕಿಡಿರಿ. ತೋಟದ ಒಟ್ಟು ಖರ್ಚಿನಲ್ಲಿ ಆ ಮೂಟೆಗಳಿಗೆ ಸೇರಬೇಕಾದ ಪಾಲನ್ನು ತೆಗೆಯಲು ನಿಮ್ಮ ರೈಟರ್ ಅವರ ಚೆಕ್‌ರೋಲ್ ಪುಸ್ತಕವೂ ಬೇಕಾಗುತ್ತದೆ, ಅದನ್ನೂ ತನ್ನಿರಿ.